ಕುಲಕರ್ಣಿ ಎಂಬ ಅಡ್ಡಹೆಸರು ಎಲ್ಲಿಂದ ಬಂತು? ಕುಲಕರ್ಣಿಗಳೆಲ್ಲ ಒಂದೇ ಮನೆತನದವರೇ?

ಅಲ್ಲ. ಕುಲಕರ್ಣಿ ಮೂಲತಃ ವಂಶದ ಹೆಸರಲ್ಲ, ಊರಿನ ಲೆಕ್ಕಪತ್ರ ಬರೆಯುವವರ ಹುದ್ದೆ. ಇಲ್ಲಿ ‘ಕುಲ’ ಅಂದರೆ ಜಾತಿಯಲ್ಲ, ಜಮೀನು ಸಾಗುವಳಿ ಮಾಡುವ ರೈತ. ‘ಕರಣ’ ಅಂದರೆ ಲೆಕ್ಕ ಬರೆಯುವವ. ಯಾರ ಹೆಸರಿನಲ್ಲಿ ಎಷ್ಟು ಹೊಲ, ಎಷ್ಟು ಕಂದಾಯ, ಎಷ್ಟು ಬಾಕಿ ಎಂಬುದೆಲ್ಲ ಇವರ ದಫ್ತರದಲ್ಲಿರುತ್ತಿತ್ತು. ವಸೂಲಿಯ ಹೊಣೆ ಗೌಡ ಅಥವಾ ಪಾಟೀಲರದು. ಹಲವು ಊರುಗಳ ಪರಗಣಕ್ಕೆ ಇದೇ ರೀತಿ ದೇಸಾಯಿ, ದೇಶಪಾಂಡೆ ಇದ್ದರು. ಹಳೆ ಮೈಸೂರಿನಲ್ಲಿ ಈ ಕೆಲಸ ಶಾನುಭೋಗರದು.

ಹುದ್ದೆ ವಂಶಪಾರಂಪರ್ಯವಾಗಿ ವತನದ, ಅಂದರೆ ಆ ಹುದ್ದೆಗೆಂದು ಬಿಟ್ಟುಕೊಟ್ಟ, ಜಮೀನಿನೊಡನೆ ಬರುತ್ತಿತ್ತು, ಹಾಗಾಗಿ ಹೆಸರೂ ಮನೆಗೆ ಅಂಟಿತು. ಊರಿಗೊಬ್ಬ ಕುಲಕರ್ಣಿ ಇದ್ದ ಮೇಲೆ ಸಂಬಂಧವಿಲ್ಲದ ನೂರಾರು ಮನೆಗಳಿಗೆ ಇದೇ ಹೆಸರು ಬಂದದ್ದು ಸಹಜ. ಉಲ್ಟಾ ಕೂಡ ಉಂಟು: ವತನದಾರರ ಪರವಾಗಿ ಕೆಲಸ ನೋಡಿದ ಶಾಖೆ ಮುತಾಲಿಕ ಆಗಿ, ವಲಸೆ ಹೋದ ಶಾಖೆ ಊರಿನ ಹೆಸರು ಹಚ್ಚಿಕೊಂಡು, ಒಂದೇ ಮನೆತನ ಬೇರೆಬೇರೆ ಅಡ್ಡಹೆಸರುಗಳಲ್ಲಿ ಚದುರಿರಬಹುದು.

ಆಗಿನ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನ ರದ್ದಾದದ್ದು 1950ರ ಕಾಯ್ದೆಯಿಂದ. ಉಳಿದ ಗ್ರಾಮ ಹುದ್ದೆಗಳನ್ನು ನಮ್ಮ ರಾಜ್ಯದ 1961ರ ಕಾಯ್ದೆ ತೆಗೆದುಹಾಕಿತು.

ಮೂಲ ಹುಡುಕುವವರು ಅಡ್ಡಹೆಸರನ್ನು ಬೆನ್ನಟ್ಟಿದರೆ ದಾರಿ ತಪ್ಪುತ್ತದೆ. ಮೊದಲು ವತನದ ಊರು ಯಾವುದೆಂದು ಗಟ್ಟಿಮಾಡಿಕೊಳ್ಳಿ, ಆಮೇಲೆ ಗೋತ್ರ, ಮನೆದೇವರು. ಊರು ತಿಳಿದರೆ ಇನಾಮು, ವತನದ ಹಳೆಯ ಕಾಗದಪತ್ರ ಕೇಳಬಹುದು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಹಳೆಯ ಕಾಗದಗಳು ಎಷ್ಟೋ ಸಲ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇರುತ್ತವೆ. ಅದನ್ನು ಓದಬಲ್ಲವರು ಜೊತೆಗಿರಬೇಕು.