‘ಫ್ಯಾಸಿನೇಶನ್’ ರಕ್ತಪಿಶಾಚಿಗಳ ಚಿತ್ರವೇ?

ಜಾಂ ರೋಲಾಂ ನಿರ್ದೇಶಿಸಿದ 1979ರ ಫ್ರೆಂಚ್ ಚಿತ್ರ ‘ಫ್ಯಾಸಿನೇಶನ್’ ರಕ್ತಪಿಶಾಚಿಗಳ ಕತೆಯೇ, ಅಥವಾ ಭಯದ ಹೆಸರಿನಲ್ಲಿ ಬರಿಯ ನಗ್ನತೆಯೇ ಎಂದು ತಾವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಎರಡೂ ಪೂರ್ತಿ ಸರಿಯಲ್ಲ. ಇಲ್ಲಿ ಕೋರೆಹಲ್ಲಾಗಲಿ, ಶವಪೆಟ್ಟಿಗೆಯಿಂದ ಎದ್ದುಬರುವ ಪ್ರೇತವಾಗಲಿ ಇಲ್ಲ. 1905ರಲ್ಲಿ ನಡೆಯುವ ಕತೆ ಆರಂಭವಾಗುವುದೇ ಕಸಾಯಿಖಾನೆಯಲ್ಲಿ, ರಕ್ತಹೀನತೆಗೆ ಮದ್ದೆಂದು ಎತ್ತಿನ ರಕ್ತ ಕುಡಿಯುವ ಸಿರಿವಂತ ಮಹಿಳೆಯರಿಂದ, ಮತ್ತು ಔಷಧವಾಗಿ ಹತ್ತಿದ ಆ ರುಚಿ ಚಟವಾಗಿ, ಕೊನೆಗೆ ಮನುಷ್ಯರಕ್ತದ ಹಸಿವಾಗಿ ಬೆಳೆಯುವುದೇ ಚಿತ್ರದ ನಿಜವಾದ ಭೀತಿ. ಕಾಮದ ದೃಶ್ಯಗಳು ಧಾರಾಳವಾಗಿವೆ, ಮೊದಲರ್ಧ ತುಸು ಎಳೆದಂತೆಯೂ ಅನ್ನಿಸುತ್ತದೆ. ಆದರೆ ಕಳ್ಳನೊಬ್ಬ ಅಡಗಲು ನುಗ್ಗಿದ, ನೀರು ಸುತ್ತುವರಿದ ಆ ಬಂಗಲೆಯ ಸೇತುವೆಯ ಮೇಲೆ ಕರಿಯ ನಿಲುವಂಗಿ ತೊಟ್ಟ ನಟಿ ಬ್ರಿಜಿತ್ ಲಾಯೆ ಉದ್ದ ಹಿಡಿಯ ಕುಡುಗೋಲು ಹಿಡಿದು ನಿಲ್ಲುವ ದೃಶ್ಯವೊಂದಕ್ಕಾಗಿಯಾದರೂ (ಪೋಸ್ಟರುಗಳಲ್ಲಿ ಕಾಣುವುದೂ ಅದೇ) ತಾವು ಇದನ್ನು ನೋಡಬಹುದು.