ತಂಡ ಗೆದ್ದಿದ್ದು ಪರಊರಲ್ಲಿ, ಅಭಿಮಾನಿಗಳು ಗೋಲ್‌ಪೋಸ್ಟ್ ಕಿತ್ತಿದ್ದು ಸ್ವಂತ ಊರಲ್ಲಿ! ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದೊಡ್ಡ ಗೆಲುವಿನ ಖುಷಿಗೆ ಗೋಲ್‌ಪೋಸ್ಟ್ ಕೀಳುವ ರೂಢಿಯೇನೋ ಇದೆ, ಆದರೆ ಹೀಗೂ ಆಗುತ್ತಾ?

ಆಗಿದೆ. 2007ರ ಸೆಪ್ಟೆಂಬರ್ 1ರಂದು ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಆನ್ ಆರ್ಬರ್‌ಗೆ ಹೋಗಿ, ಆ ಊರಿನದೇ ಆದ, ದೇಶದಲ್ಲಿ 5ನೇ ಸ್ಥಾನದಲ್ಲಿದ್ದ ಮಿಷಿಗನ್ ವಿಶ್ವವಿದ್ಯಾಲಯದ ತಂಡವನ್ನು 34-32ರಿಂದ ಮಣಿಸಿತು. ಕೊನೆಯ ಕ್ಷಣದಲ್ಲಿ ಮಿಷಿಗನ್ ಫೀಲ್ಡ್ ಗೋಲಿಗೆ (ಗೋಲ್‌ಪೋಸ್ಟ್ ನಡುವೆ ಚೆಂಡು ಒದ್ದರೆ 3 ಅಂಕ) ಒದ್ದ ಚೆಂಡನ್ನು ಅಪಲೇಚಿಯನ್ ಆಟಗಾರ ಕೋರಿ ಲಿಂಚ್ ತಡೆದರು. ಕ್ರೀಡಾಂಗಣದಲ್ಲಿದ್ದ ಲಕ್ಷಕ್ಕೂ ಹೆಚ್ಚು ಜನ ತಣ್ಣಗಾದರು.

ಇತ್ತ ಅಪಲೇಚಿಯನ್ ತಂಡದ ತವರಾದ, ಉತ್ತರ ಕೆರೊಲಿನಾದ ಗುಡ್ಡಗಾಡಿನ ಪುಟ್ಟ ಊರು ಬೂನ್‌ನಲ್ಲಿ ಟಿವಿ ನೋಡುತ್ತಿದ್ದ ವಿದ್ಯಾರ್ಥಿಗಳು ಬೀದಿಗಿಳಿದರು. ಅಂದು ಪಂದ್ಯವೇ ಇಲ್ಲದ ತಮ್ಮ ಕ್ರೀಡಾಂಗಣಕ್ಕೆ ನುಗ್ಗಿ, ಗೋಲ್‌ಪೋಸ್ಟ್ ಕಿತ್ತು, ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿ, ವಿಶ್ವವಿದ್ಯಾಲಯದ ಚಾನ್ಸೆಲರ್ ಮನೆಯಂಗಳದಲ್ಲಿ ತಂದು ಹಾಕಿದರು. (ಕುಲಪತಿಗಳ ಮನೆ ಮುಂದೆ ಧರಣಿ ಕೂರುವುದನ್ನು ಮಾತ್ರ ನೋಡಿದ ನಮಗೆ ಇದು ವಿಚಿತ್ರವೇ.)

ಇಷ್ಟು ಹುಚ್ಚು ಯಾಕೆ ಅಂದರೆ, ಇಂಥ ಪಂದ್ಯಗಳನ್ನು ಏರ್ಪಡಿಸುವುದೇ ದೊಡ್ಡವರು ಸುಲಭವಾಗಿ ಗೆಲ್ಲಲಿ ಅಂತ. ಸಣ್ಣ ತಂಡಕ್ಕೆ ದುಡ್ಡು ಕೊಟ್ಟು ಕರೆಸುತ್ತಾರೆ, ಅದು ಸೋತು, ಚೆಕ್ ಇಸ್ಕೊಂಡು ವಾಪಸಾಗಬೇಕು. ಅಪಲೇಚಿಯನ್ ಆಗ ಒಂದು ಹಂತ ಕೆಳಗಿನ ವಿಭಾಗದ ತಂಡ. ಹಾಗಂತ ಬಡಪಾಯಿಯೇನಲ್ಲ, 2005 ಮತ್ತು 2006ರಲ್ಲಿ ಆ ವಿಭಾಗದ ಚಾಂಪಿಯನ್. ಆದರೂ ಆ ವಿಭಾಗದ ತಂಡವೊಂದು ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಶ್ರೇಯಾಂಕ ಪಟ್ಟಿಯಲ್ಲಿದ್ದ ದೊಡ್ಡ ತಂಡವನ್ನು ಸೋಲಿಸಿದ್ದು ಅದೇ ಮೊದಲು.

ಸಂಭ್ರಮ ಊರಲ್ಲೇ ನಡೆಯಲು ಇನ್ನೊಂದು ಕಾರಣ ಟಿಕೆಟ್. ಅತಿಥಿ ತಂಡದವರಿಗೆ ಸಿಗುವುದು ಕೆಲವೇ ಸೀಟು, ಬಹುಪಾಲು ಅಭಿಮಾನಿಗಳು ಊರಲ್ಲೇ ಉಳಿದಿರುತ್ತಾರೆ. 2022ರಲ್ಲಿ ಇದೇ ತಂಡ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು ಅವರದೇ ನೆಲದಲ್ಲಿ 17-14ರಿಂದ ಸೋಲಿಸಿದಾಗಲೂ ಬೂನ್‌ನ ಕಿಂಗ್ ಸ್ಟ್ರೀಟ್ ತುಂಬಾ ಜನವೋ ಜನ.