ಮಗ ನನ್ನನ್ನು ‘ವೈನಿ’ ಎನ್ನುತ್ತಾನೆ

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯವಳು. ಸೇಡಂನಲ್ಲಿ ಕೆಲಸ. ಬೆಳಗ್ಗೆ ಏಳೂವರೆಯ ಬಸ್ಸು ಹತ್ತಿದರೆ ಮನೆ ಸೇರುವಾಗ ಸಂಜೆ ಏಳು. ಮಗನಿಗೆ ಈಗ ಒಂದು ವರ್ಷ ಒಂಬತ್ತು ತಿಂಗಳು. ಹಗಲೆಲ್ಲ ಅತ್ತೆಯೇ ನೋಡಿಕೊಳ್ಳುತ್ತಾರೆ. ಅವನು ಅತ್ತೆಯನ್ನು ‘ಅವ್ವ’ ಎಂದು ಕರೆಯುತ್ತಾನೆ. ನನ್ನನ್ನು ‘ಐನಿ’ ಎನ್ನುತ್ತಾನೆ, ಅಂದರೆ ವೈನಿ. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುವುದು ನಿಮಗೆ ಗೊತ್ತಿದೆ. ಮನೆಯಲ್ಲಿ ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಮಾವ ‘ತಂಗಿ’ ಎನ್ನುತ್ತಾರೆ, ಗಂಡ ‘ಇಲ್ಲಿ ಕೇಳು’ ಎನ್ನುತ್ತಾರೆ, ಮೈದುನ ‘ವೈನಿ, ಚಹಾ’ ಎನ್ನುತ್ತಾನೆ. ಸಂಜೆ ನಾನು ಗೇಟಿನ ಚಿಲಕ ತೆಗೆದರೆ ಸಾಕು, ಪರಸಿಯ ಮೇಲೆ ಬರಿಗಾಲಲ್ಲಿ ತಪತಪ ಓಡಿ ಬಂದು ‘ಐನಿ, ಐನಿ’ ಎಂದು ಸೀರೆಯ ನಿರಿಗೆ ಹಿಡಿಯುತ್ತಾನೆ. ಓಣಿಯವರು ನಗುತ್ತಾರೆ. ಮೊನ್ನೆ ಅತ್ತೆ ಎಲ್ಲರ ಮುಂದೆ, ‘ಸಾಕಿದವಳೇ ಅವ್ವ’ ಎಂದು ತಾವೂ ನಕ್ಕರು. ಅವತ್ತಿನಿಂದ ಅನ್ನ ರುಚಿಸುತ್ತಿಲ್ಲ. ಪಕ್ಕದ ಮನೆಯ ಖಾಲಾ ಜೊತೆ ಸೇರಿ ನೀರಿಗೆ ‘ಪಾನಿ’, ಬೇಡ ಎನ್ನುವುದಕ್ಕೆ ‘ನಕ್ಕೋ’ ಎನ್ನುವುದನ್ನೂ ಕಲಿತಿದ್ದಾನೆ. ‘ಬುವ್ವ ನಕ್ಕೋ’ ಎಂದು ತಟ್ಟೆ ದೂಡುತ್ತಾನೆ. ಎರಡು ಮೂರು ಭಾಷೆ ಕಿವಿಗೆ ಬಿದ್ದು ಮಾತು ತಡವಾಗುತ್ತಿದೆ ಎಂದು ಗಂಡ ಹೇಳುತ್ತಾರೆ, ಮೊಬೈಲಿನಲ್ಲಿ ಇಂಗ್ಲಿಷ್ ಪದ್ಯ ಹಚ್ಚಿ ಕೂರಿಸುತ್ತಾರೆ. ಅತ್ತೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಎಲ್ಲ ಸೇರಿ ಹದಿನಾಲ್ಕು ಹದಿನೈದು ಮಾತು ಆಡುತ್ತಾನೆ. ಕೆಲಸ ಬಿಡಲೇ? ಅಥವಾ ಅವನನ್ನು ಬೀದರಿನ ನನ್ನ ತವರಿನಲ್ಲಿ ಸ್ವಲ್ಪ ದಿನ ಇಡಲೇ? (ಹೆಸರು ಬೇಡ, ಕಲಬುರಗಿ)

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನಗು ಬಂತು. ಎರಡನೆಯ ಸಲ ಓದಿದಾಗ ಬರಲಿಲ್ಲ. ಮೂರನೆಯ ಸಲ ಪೆನ್ನು ಹಿಡಿದು ಓದಿದೆ, ಆಗ ನಿಮ್ಮ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದಿರುವುದು ಕಣ್ಣಿಗೆ ಬಿತ್ತು. ನಿಮ್ಮನ್ನು ಮನೆಯಲ್ಲಿ ಯಾರು ಏನೆಂದು ಕರೆಯುತ್ತಾರೆ ಎಂದು ಸಾಲಾಗಿ ಕೊಟ್ಟಿದ್ದೀರಲ್ಲ, ಅದರಲ್ಲಿ ‘ಅವ್ವ’ ಎಲ್ಲಿದೆ? ಹುಡುಕಿ ನೋಡಿ, ಇಲ್ಲ. ಆ ಮನೆಯಲ್ಲಿ ‘ಅವ್ವಾ’ ಎಂದು ಕೂಗುವವರು ಇಬ್ಬರು, ನಿಮ್ಮ ಗಂಡ ಮತ್ತು ನಿಮ್ಮ ಮೈದುನ. ಕೂಗಿದಾಗ ಓಗೊಡುವವರು ನಿಮ್ಮ ಅತ್ತೆ. ನಿಮ್ಮ ಮಗ ತಪ್ಪು ಕಲಿತಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಕಲಿತಿದ್ದಾನೆ.

ಆ ವಯಸ್ಸಿನ ಮಗುವಿಗೆ ‘ಅವ್ವ’ ಎಂಬುದು ಸಂಬಂಧವಲ್ಲ, ಹೆಸರು. ಚಂದಪ್ಪ ಎಂದರೆ ಆಕಾಶದಲ್ಲಿರುವುದು, ಅವ್ವ ಎಂದರೆ ರೊಟ್ಟಿ ಬಡಿಯುವವಳು, ಅಷ್ಟೇ. ಒಬ್ಬಳೇ ಹೆಂಗಸು ಒಬ್ಬನಿಗೆ ಅವ್ವ, ಇನ್ನೊಬ್ಬನಿಗೆ ವೈನಿ, ಮತ್ತೊಬ್ಬಳಿಗೆ ಸೊಸೆ ಆಗಬಹುದು ಎಂಬ ಗಣಿತ ತಲೆಗೆ ಹತ್ತಲು ಇನ್ನೂ ವರ್ಷಗಳು ಬೇಕು. ಅದರ ಮೇಲೆ ನಮ್ಮ ಮಾತಿನ ರೀತಿಯೇ ಗೋಜಲು. ಎರಡು ವರ್ಷದ ಮಗನನ್ನು ‘ಬಾರಪ್ಪ’ ಎನ್ನುತ್ತೇವೆ, ಮಗಳನ್ನು ‘ಯಾಕವ್ವ ಅಳುತ್ತೀ’ ಎನ್ನುತ್ತೇವೆ. ಮಗನೇ ಅಪ್ಪ, ಮಗಳೇ ಅವ್ವ. ಇಂಥ ಮನೆಗಳಲ್ಲಿ ಹುಟ್ಟಿದ ಮಕ್ಕಳು ಕೊನೆಗೂ ಯಾರು ಯಾರೆಂದು ಬಿಡಿಸಿಕೊಳ್ಳುತ್ತವಲ್ಲ, ನನಗೆ ಆಶ್ಚರ್ಯವಾಗುವುದು ಅದಕ್ಕೆ.

ಹಾಗಾದರೆ ಅವನು ನಿಮ್ಮ ಹೆಸರನ್ನೇಕೆ ಹಿಡಿಯಲಿಲ್ಲ, ‘ತಂಗಿ’ ಎಂದೇಕೆ ಅನ್ನಲಿಲ್ಲ? ಇದು ನನ್ನ ಊಹೆ, ಆದರೆ ತಪ್ಪಿರಲಾರದು. ಅತ್ತೆ ನಿಮ್ಮ ಹೆಸರು ಹೇಳುವುದು ಹೆಚ್ಚಾಗಿ ಉದ್ದನೆಯ ಮಾತಿನ ನಡುವೆ ಇರಬೇಕು. ಮಾವ ಮೆಲ್ಲಗೆ ಮಾತನಾಡುವವರಿರಬೇಕು. ನಿಮ್ಮ ಗಂಡ ನಿಮಗೆ ಹೆಸರನ್ನೇ ಇಟ್ಟಿಲ್ಲ (‘ಇಲ್ಲಿ ಕೇಳು’ ಎಂಬುದು ಹೆಂಡತಿಯ ಹೆಸರೇ?). ಉಳಿದವನು ಮೈದುನ. ಪಡಸಾಲೆಯಿಂದ ಅಡುಗೆ ಮನೆಗೆ ಕೇಳುವಂತೆ, ಒಂದೇ ಪದವನ್ನು, ಕೊನೆಯ ಅಕ್ಷರ ಎಳೆದು ‘ವೈನೀ’ ಎನ್ನುವವನು. ಮಕ್ಕಳು ಬೇಗ ಹಿಡಿಯುವುದು ಇಂಥ ಪದವನ್ನೇ: ಬಿಡಿಯಾಗಿ, ಒತ್ತಿ, ಮತ್ತೆ ಮತ್ತೆ ಹೇಳಿದ್ದನ್ನು.

ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಿಲ್ಲ. ಮಕ್ಕಳ ಬಾಯಿಗೆ ಮೊದಲು ಬರುವುದು ತುಟಿಯಿಂದ ಹೊರಡುವ ಪ, ಬ, ಮ. ಅನೇಕ ಭಾಷೆಗಳಲ್ಲಿ ತಾಯಿಯನ್ನು ಕರೆಯುವ ಮಾತಿನಲ್ಲಿ ಮಕಾರ ಇರುವುದಕ್ಕೆ ಇದೂ ಕಾರಣವೆಂದು ಭಾಷೆ ಬಲ್ಲವರು ಹೇಳುತ್ತಾರೆ; ತುಟಿ ಮುಚ್ಚಿ ತೆರೆದರೆ ‘ಅಮ್ಮ’ ಆಗಿಬಿಡುತ್ತದೆ. ‘ವೈನಿ’ ಅಷ್ಟು ಸಲೀಸಲ್ಲ. ಮೊದಲ ವಕಾರ ಅವನಿಗೆ ದಕ್ಕಿಲ್ಲ, ಹಾಗಾಗಿ ಬಿಟ್ಟಿದ್ದಾನೆ. ಉಳಿದ ಐಕಾರದಿಂದ ನಿಕಾರಕ್ಕೆ ಜಾರಿದ್ದಾನೆ. ಇಷ್ಟು ಕಷ್ಟಪಟ್ಟು ಒಂದು ಪದ ಮಾಡಿಕೊಂಡಿದ್ದು ನಿಮ್ಮನ್ನು ಕರೆಯಬೇಕಾಗಿತ್ತು ಎಂಬ ಕಾರಣಕ್ಕೆ. ಚಿಲಕದ ಸದ್ದಿಗೆ ಓಡಿ ಬಂದು ನಿರಿಗೆ ಹಿಡಿಯುವ ಹುಡುಗನಿಗೆ ತಾಯಿ ಯಾರೆಂದು ಗೊತ್ತಿಲ್ಲ ಎಂದು ನೀವು ಹೇಗೆ ನಂಬಿದಿರಿ?

ನನ್ನ ಮನೆಯ ಮಾತು ಒಂದಿಷ್ಟು ಹೇಳುತ್ತೇನೆ. ನಾನು ಹುಟ್ಟಿ ಬೆಳೆದಿದ್ದು ಭಾಲ್ಕಿ ಕಡೆಯ ಕೂಡು ಕುಟುಂಬದಲ್ಲಿ. ದೊಡ್ಡಪ್ಪನ ಮಕ್ಕಳು ನನ್ನ ತಂದೆಯನ್ನು ಕಾಕಾ, ತಾಯಿಯನ್ನು ಕಾಕು ಎಂದು ಕರೆಯುತ್ತಿದ್ದರು. ಅವರ ಹಿಂದೆ ಹುಟ್ಟಿದ ನಾವೂ ಹಾಗೆಯೇ ಕರೆದೆವು. ಶಾಲೆಗೆ ಹೆಸರು ಹಚ್ಚಲು ಹೋದ ದಿನ ಮಾಸ್ತರರು ‘ನಿನ್ನ ಅವ್ವನ ಹೆಸರೇನು?’ ಎಂದು ಕೇಳಿದರು. ‘ನನಗೆ ಅವ್ವ ಇಲ್ಲ, ಕಾಕು ಇದ್ದಾಳೆ’ ಎಂದೆ. ಮಾಸ್ತರರು ಅಯ್ಯೋ ಪಾಪ ಎಂದು ತಲೆ ಸವರಿದರು. ಪಕ್ಕದಲ್ಲಿ ನಿಂತಿದ್ದ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕೊನೆಯವರೆಗೂ ಅವಳು ನಮಗೆ ಕಾಕುವೇ. ಆ ಪದ ಕೇಳಿದರೆ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ‘ಅವ್ವ’ ಎಂಬ ಪದಕ್ಕೆ ಕಟ್ಟುವುದಿಲ್ಲ.

ಆದರೆ ನಿಮಗೆ ನೋವಾಗಿರುವುದು ಮಗನ ಬಾಯಿಂದ ಬಂದ ಮಾತಿಗಲ್ಲ, ಅತ್ತೆಯ ಬಾಯಿಂದ ಬಂದ ಮಾತಿಗೆ. ‘ಸಾಕಿದವಳೇ ಅವ್ವ’ ಎಂದು ಓಣಿಯವರ ಮುಂದೆ ಅಂದಿದ್ದು ತಪ್ಪು, ಅದಕ್ಕೆ ಬಣ್ಣ ಹಚ್ಚಲು ನನಗೆ ಇಷ್ಟವಿಲ್ಲ. ಹನ್ನೊಂದೂವರೆ ತಾಸು ಹೊರಗೆ ದುಡಿದು ಬಂದವಳ ಎದೆಗೆ ಅದು ಹೇಗೆ ನಾಟುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಮಕ್ಕಳನ್ನು ಬೆಳೆಸಿ ಮುಗಿಸಿದವರು, ಈ ವಯಸ್ಸಿನಲ್ಲಿ ಮತ್ತೆ ಒಂದು ಕೂಸನ್ನು ಸೊಂಟದ ಮೇಲೆ ಹೊತ್ತಿದ್ದಾರೆ. ಹಗಲೆಲ್ಲ ಅವನೊಡನೆ ಮಾತನಾಡುತ್ತಾರೆ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಚೂರು ಹಿಟ್ಟು ಕೈಗೆ ಕೊಟ್ಟು, ‘ನೀನೂ ಬಡಿ’ ಎನ್ನುತ್ತಾರೋ ಇಲ್ಲವೋ, ಕೇಳಿ ನೋಡಿ. ಅವನ ಹದಿನೈದು ಮಾತುಗಳಲ್ಲಿ ಹೆಚ್ಚಿನವು ಆ ಒಲೆಯ ಮುಂದೆ ಹುಟ್ಟಿದಂಥವು.

ಆದ್ದರಿಂದ ಅವರಿಂದ ಆ ಪದವನ್ನು ಕಿತ್ತುಕೊಳ್ಳಲು ಹೋಗಬೇಡಿ. ಗಂಡನ ಕೈಯಲ್ಲಿ ಹೇಳಿಸಬೇಡಿ, ಹೇಳಿಸಿದ ಮಾತು ಅರ್ಧ ದಾರಿಯಲ್ಲೇ ಹುಳಿಯಾಗುತ್ತದೆ. ಭಾನುವಾರ ಮಗು ಮಲಗಿರುವಾಗ, ಅವರು ತೊಗರಿ ಬೇಳೆಯನ್ನೋ ಅಕ್ಕಿಯನ್ನೋ ಹಸನು ಮಾಡುತ್ತಾ ಕುಳಿತಿದ್ದರೆ, ನೀವೂ ಮೊರ ಹಿಡಿದು ಕುಳಿತುಕೊಳ್ಳಿ. ‘ಅವತ್ತು ನೀವು ಅಂದ ಮಾತು ನನಗೆ ಬಹಳ ಹತ್ತಿತು’ ಎಂದು ಒಂದೇ ಸಲ, ಅಳದೆ ಹೇಳಿ. ಹೇಳಿ ಮುಗಿಸಿ ಕೇಳಿಕೊಳ್ಳಿ: ‘ನನ್ನನ್ನು ಅವ್ವ ಎನ್ನುವುದನ್ನು ಅವನಿಗೆ ನೀವೇ ಕಲಿಸಿಕೊಡಬೇಕು, ನನಗೆ ಅಷ್ಟು ಹೊತ್ತು ಸಿಗುವುದಿಲ್ಲ.’ ಇದು ಉಪಾಯದ ಮಾತಲ್ಲ, ನಿಜ. ಆ ಮನೆಯಲ್ಲಿ ಅವನಿಗೆ ಏನನ್ನಾದರೂ ಕಲಿಸುವಷ್ಟು ಹೊತ್ತು ಇರುವುದು ಅವರಿಗೊಬ್ಬರಿಗೇ. ಸಂಜೆ ಏಳರ ಹೊತ್ತಿಗೆ ‘ನೋಡು, ನಿನ್ನ ಅವ್ವ ಬಂದಳು’ ಎಂದು ಅವರ ಬಾಯಲ್ಲಿ ಬಂದರೆ, ನೀವು ನೂರು ಸಲ ತಿದ್ದುವುದಕ್ಕಿಂತ ಹೆಚ್ಚು ಹತ್ತುತ್ತದೆ. ಅವರಿಗೆ ‘ಆಯಿ’, ಅಂದರೆ ಅಜ್ಜಿ, ಎಂಬ ಪದ ಇದೆ, ನಮ್ಮ ಕಡೆ ಅದರ ಗತ್ತು ಅವ್ವನಿಗಿಂತ ಒಂದು ಕೈ ಮೇಲೆಯೇ.

ಗಂಡನಿಗೂ ಒಂದು ಕೆಲಸ ಇದೆ. ತನ್ನ ತಾಯಿಯನ್ನು ಅವ್ವ ಎನ್ನುವುದನ್ನು ಅವರು ಬಿಡಬೇಕಾಗಿಲ್ಲ. ಮಗುವಿನ ಎದುರು ಮಾತ್ರ ‘ಆಯಿ ಕರೆಯುತ್ತಿದ್ದಾಳೆ ಹೋಗು’, ‘ಅವ್ವನಿಗೆ ಚಪ್ಪಲಿ ತಂದುಕೊಡು’ ಎನ್ನಲಿ. ನೀವೂ ಅವನೊಡನೆ ಆಡುವಾಗ ‘ನಾನು ತಿನಿಸುತ್ತೇನೆ’ ಎನ್ನುವ ಬದಲು ‘ಅವ್ವ ತಿನಿಸುತ್ತಾಳೆ’ ಎನ್ನಿ. ಅವನು ‘ಐನಿ’ ಎಂದಾಗ ಮುಖ ತಿರುಗಿಸಬೇಡಿ, ‘ಅವ್ವ ಅನ್ನು, ಆಗ ಎತ್ತಿಕೊಳ್ಳುತ್ತೇನೆ’ ಎಂದು ಪರೀಕ್ಷೆ ಇಡಬೇಡಿ. ಎತ್ತಿಕೊಳ್ಳಿ. ‘ಹೂಂ ಬಂಗಾರ, ಅವ್ವ ಬಂದಳು’ ಎಂದರೆ ಸಾಕು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರೆ ನಾನು ಗಡುವು ಕೊಡಲಾರೆ. ನಮ್ಮ ಮನೆಯಲ್ಲಿ ಒಂದು ಜನ್ಮವೇ ಹಿಡಿಯಿತು.

ಭಾಷೆಯ ಚಿಂತೆ ಪೂರಾ ಬಿಡಿ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುತ್ತದೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ಮಾತುಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಿಯೇ ಎಣಿಸಬೇಕು, ಪಾನಿಯೂ ಒಂದು, ನಕ್ಕೋವೂ ಒಂದು. ಬಹಮನಿಯವರು 1347ರಲ್ಲಿ ನಿಮ್ಮ ಊರನ್ನು ರಾಜಧಾನಿ ಮಾಡಿಕೊಂಡ ಕಾಲದಿಂದಲೂ ಅಲ್ಲಿನ ಕೂಸುಗಳು ಒಂದು ಕಿವಿಯಲ್ಲಿ ಕನ್ನಡ, ಇನ್ನೊಂದರಲ್ಲಿ ದಖ್ಖನಿ ಉರ್ದು ಕೇಳಿಕೊಂಡೇ ಬೆಳೆದಿವೆ. ಕಲಬುರಗಿಯವರಿಗೆ ಮಾತು ಕಡಿಮೆ ಎಂದು ಯಾರಾದರೂ ದೂರಿದ್ದನ್ನು ನಾನು ಕೇಳಿಲ್ಲ. ಇನ್ನು ‘ಬುವ್ವ ನಕ್ಕೋ’! ತಟ್ಟೆ ದೂಡಿದ್ದನ್ನು ನೀವು ಹಟ ಎಂದು ಬರೆದಂತಿದೆ. ಅದು ವಾಕ್ಯ ತಂಗಿ. ಮನೆಯ ಪದ ಒಂದು, ಪಕ್ಕದ ಮನೆಯ ಪದ ಒಂದು, ಎರಡನ್ನೂ ಜೋಡಿಸಿ ತನಗೇನು ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಎರಡು ಪದ ಜೋಡಿಸುವುದನ್ನು ಮಕ್ಕಳ ವೈದ್ಯರು ನಿರೀಕ್ಷಿಸುವುದು ಎರಡು ವರ್ಷದ ಹೊತ್ತಿಗೆ. ನಿಮ್ಮವನು ಮೂರು ತಿಂಗಳು ಮುಂಚೆಯೇ ಶುರು ಮಾಡಿದ್ದಾನೆ. ಖಾಲಾಗೆ ನನ್ನ ಸಲಾಮು ಹೇಳಿ.

ಮೊಬೈಲನ್ನು ಮಾತ್ರ ತೆಗೆದು ಮೇಲಿಡಿ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಾರಣ ಸರಳ: ಮೊಬೈಲು ಹಾಡುತ್ತದೆ, ಆದರೆ ಅವನು ಏನಾದರೂ ಅಂದರೆ ‘ಹೌದಾ?’ ಎಂದು ತಿರುಗಿ ಕೇಳುವುದಿಲ್ಲ. ಬಜೆಯನ್ನೂ ನಿಲ್ಲಿಸಿ. ಅದರಿಂದ ಯಾವ ಮಗುವಿಗೂ ಮಾತು ಬಂದಿಲ್ಲ, ಚಿಕ್ಕ ಮಗುವಿನ ಹೊಟ್ಟೆಗೆ ಹೋಗುವುದು ಒಳ್ಳೆಯದೂ ಅಲ್ಲ. ಇದನ್ನು ಅತ್ತೆಗೆ ನೀವು ಹೇಳುವುದು ಬೇಡ, ಮುಂದಿನ ಸಲ ಲಸಿಕೆಗೆ ಹೋದಾಗ ವೈದ್ಯರ ಬಾಯಿಂದ ಹೇಳಿಸಿ.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ. ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷ ತುಂಬಿದ ಮೇಲೂ ಪದಗಳನ್ನು ಜೋಡಿಸದಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಆಡುತ್ತಿದ್ದ ಮಾತುಗಳನ್ನು ಕಳೆದುಕೊಳ್ಳತೊಡಗಿದರೆ, ‘ಗಂಡು ಮಕ್ಕಳಿಗೆ ಮಾತು ತಡ’ ಎಂದು ಸುಮ್ಮನೆ ಕೂರಬಾರದು. ಮೊದಲು ಕಿವಿಯ ತಪಾಸಣೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದದ್ದೇ ಮಕ್ಕಳಲ್ಲಿ ಇಂಥ ತೊಂದರೆಗಳನ್ನು ಬೇಗ ಗುರುತಿಸಲೆಂದು, ತಪಾಸಣೆಗೆ ದುಡ್ಡು ಕೊಡಬೇಕಾಗಿಲ್ಲ. ಅಂಗನವಾಡಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ನಿಮ್ಮ ಮಗನಲ್ಲಿ ಇವು ಯಾವುವೂ ನನಗೆ ಕಾಣಲಿಲ್ಲ, ಚಿಲಕದ ಸದ್ದೂ ಅವನಿಗೆ ಕೇಳಿಸುತ್ತದೆ.

ಕೆಲಸ ಬಿಡುವ ಮಾತು ಬೇಡ. ಒಂದು ಪದಕ್ಕಾಗಿ ಸಂಬಳ ಬಿಟ್ಟವಳು ಮುಂದೆ ಆ ಮಗುವಿಗೇ ಅದರ ಲೆಕ್ಕ ಹೇಳತೊಡಗುತ್ತಾಳೆ, ನಾನು ಕಂಡಿದ್ದೇನೆ. ತವರಿನ ಯೋಚನೆಯಂತೂ ಇನ್ನೂ ಚಂದ. ಬೀದರಿನಲ್ಲಿ ನಿಮ್ಮ ತಾಯಿಯನ್ನು ನೀವೆಲ್ಲ ಏನೆಂದು ಕರೆಯುತ್ತೀರಿ? ‘ಅವ್ವ’ ಎಂದೇ ಆಗಿದ್ದರೆ ನಿಮ್ಮ ಮಗನಿಗೆ ಇನ್ನೊಬ್ಬ ಅವ್ವ ಸಿಗುತ್ತಾಳೆ, ನೀವು ಮಾತ್ರ ಅಲ್ಲಿ ‘ಅಕ್ಕ’ ಆಗಿ ವಾಪಸು ಬರುತ್ತೀರಿ.

ಬದಲಿಸಬೇಕಾದದ್ದು ಸಂಜೆಯ ಅರ್ಧ ತಾಸು. ಬಂದವರೇ ಕೈಕಾಲು ತೊಳೆದು ಅವನನ್ನು ಎತ್ತಿಕೊಂಡು ಮಾಳಿಗೆಗೆ ಹೋಗಿ. ಏಳೂವರೆಯವರೆಗೆ ಕೆಳಗೆ ಇಳಿಯಬೇಡಿ, ಯಾರು ಕೂಗಿದರೂ. ಬಸ್ಸಿನಲ್ಲಿ ಕಂಡಿದ್ದನ್ನು ಹೇಳಿ, ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟು ಅವನ ಕೈಗೆ ಕೊಡಿ, ಹರಿದು ಹಾಕಲಿ. ಒಂದು ವಹಿ ತಂದು ಅವನ ಮಾತುಗಳನ್ನು ತಾರೀಖು ಸಮೇತ ಬರೆದಿಡಿ, ಐನಿಯನ್ನೂ ಬರೆಯಿರಿ. ಕೆಳಗಿನಿಂದ ‘ವೈನೀ, ಚಹಾ’ ಎಂಬ ಕೂಗು ಬರುವುದು ಖಂಡಿತ. ಚಹಾ ಪುಡಿಯ ಡಬ್ಬಿ ಯಾವುದು, ಸಕ್ಕರೆಯದು ಯಾವುದು ಎಂದು ಮೈದುನನಿಗೆ ಇವತ್ತೇ ತೋರಿಸಿಬಿಡಿ.